ಬಾಣಪ್ಪ ಟೈರು ತಿರುಗಿಸಿ ಹಾಕಿದ್ದು

ಎರಡು ರಸ್ತೆ ಕೂಡುವ ಕಡೆ ತಗಡಿನ ಮಾಡಿನ ಟೈರ್ ಅಂಗಡಿ ಇಟ್ಟುಕೊಂಡಿದ್ದವನನ್ನು ಎಲ್ಲರೂ ಬಾಣಪ್ಪ ಎಂದೇ ಕರೆಯುತ್ತಿದ್ದರು. ಆ ಅಡ್ಡಹೆಸರನ್ನು ಅವನು ಬಾಯಾರೆ ಸಂಪಾದಿಸಿಕೊಂಡದ್ದು. ಕೆಲವು ಟೈರುಗಳ ಪಕ್ಕೆಯ ಮೇಲೆ ಒಂದು ಬಾಣದ ಗುರುತಿರುತ್ತದೆ. ಗಾಲಿ ಮುಂದಕ್ಕೆ ಉರುಳುವಾಗ ಆ ಬಾಣವೂ ಮುಂದಕ್ಕೇ ಉರುಳಬೇಕು, ಟೈರನ್ನು ಹಾಗೆಯೇ ಕೂರಿಸಬೇಕು. ಉಲ್ಟಾ ಹಾಕಿದರೆ ಗಾಡಿ ಓಡುವುದಿಲ್ಲವೇ ಎಂದು ಕೇಳಬಹುದು. ಓಡುತ್ತದೆ ಸ್ವಾಮಿ, ಆದರೆ ಕೆಸರಿನಲ್ಲಿ ಕಾಲೂರುವುದಿಲ್ಲ. ಬೇರೆ ಯಾರೋ ಉಲ್ಟಾ ಹಾಕಿಕೊಟ್ಟ ಗಾಡಿ ಅಂಗಡಿಯ ಮುಂದೆ ಹಾದರೆ ಸಾಕು, ಬಾಣಪ್ಪ ಚಹಾ ಲೋಟ ಹಿಡಿದುಕೊಂಡೇ ರಸ್ತೆಗೆ ಓಡುತ್ತಿದ್ದ. "ಬಾಣ ನೋಡಯ್ಯಾ, ಬಾಣ! ಯಾವ ಪುಣ್ಯಾತ್ಮ ಹಾಕಿದ್ದು ಇದನ್ನ?" ಎಂದು ಕೂಗುತ್ತಿದ್ದ. ಗಾಡಿಯವರು ಹೆದರಿ ನಿಲ್ಲಿಸುತ್ತಿದ್ದರು, ಪಕ್ಕದ ವೆಲ್ಡಿಂಗ್ ಅಂಗಡಿಯವನು ಹೊಟ್ಟೆ ಹಿಡಿದು ನಗುತ್ತಿದ್ದ.

ಸಿಟ್ಟು ಮೂಗಿನ ತುದಿಯಲ್ಲೇ ಇದ್ದರೂ ಆಸಾಮಿಯ ಮನಸ್ಸು ಬೆಣ್ಣೆ ಎನ್ನುವುದು ಹೆಂಡತಿಗೆ ಚೆನ್ನಾಗಿ ಗೊತ್ತಿತ್ತು. ಅಂಗಡಿಯ ಹಿಂದೆಯೇ ಮನೆ. ಒಂದು ಕೋಣೆ, ಒಂದು ಅಡುಗೆಮನೆ, ನಡುವಿನ ಬಾಗಿಲಿಗೆ ಹಳೇ ಟ್ಯೂಬಿನ ಪಟ್ಟಿ ಬಡಿದಿದ್ದ, ಅವಳು ಮಲಗಿದ್ದಾಗ ಸದ್ದಾಗಬಾರದೆಂದು. ಅಡುಗೆಮನೆಯ ಕಿಟಕಿಗೆ ಎದುರಾಗಿ ಒಂದು ಗುಡ್ಡ, ಗುಡ್ಡದ ಮೇಲೆ ಅವಳ ಅಕ್ಕನ ಮನೆ. ವಾರಕ್ಕೊಮ್ಮೆ ಅವಳು ಕೈಚೀಲ ಹಿಡಿದು ಆ ಮಣ್ಣುದಾರಿ ಹತ್ತುವಳು, ಅಕ್ಕನ ಜೊತೆ ಮಾತಾಡಿ ಮಾತಾಡಿ ಗಂಟಲು ಕೂರಿಸಿಕೊಂಡು ಇಳಿದು ಬರುವಳು.

ಅಕ್ಕ ಮಾತ್ರ ಕೆಳಗೆ ಬರುತ್ತಿರಲಿಲ್ಲ. ಎಷ್ಟೋ ವರ್ಷದ ಹಿಂದೆ ಅವಳು ಕೂತಿದ್ದ ಜೀಪು ಆ ಇಳಿಜಾರಿನಲ್ಲಿ ಜಾರಿ, ಕೊನೇ ಗಳಿಗೆಯಲ್ಲಿ ಬಂಡೆಗೆ ಒರಗಿ ನಿಂತಿತ್ತು. ಯಾರಿಗೂ ಒಂದು ಗೀರೂ ಆಗಲಿಲ್ಲ. ಆದರೆ ಅಂದಿನಿಂದ ಅವಳಿಗೆ ಇಳಿಜಾರು ಕಣ್ಣಿಗೆ ಬಿದ್ದರೆ ಸಾಕು, ತಲೆ ಸುತ್ತು, ಕೈಕಾಲು ತಣ್ಣಗೆ. ಆಮೇಲೆ ದಾರಿಯ ಅರ್ಧ ಭಾಗವೇ ಕುಸಿದು ಜೀಪು ಹತ್ತುವುದೂ ನಿಂತಿತು. ತಂಗಿಯಾದವಳು ಹೇಗೂ ಬಂದು ಹೋಗುತ್ತಿದ್ದಳಲ್ಲ, ಹಾಗಾಗಿ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ.

ಆದರೆ ಒಂದು ಬೆಳಿಗ್ಗೆ ಬಾಣಪ್ಪನ ಹೆಂಡತಿ ಹಿತ್ತಲ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಒಳಗೆ ರಾಡು ಹಾಕಿದರು. ತಿಂಗಳುಗಟ್ಟಲೆ ಮಲಗಿದಲ್ಲೇ ಮಲಗಿದಳು. ಬಾಣಪ್ಪ ಟೈರು ಬಿಚ್ಚುವ ಅದೇ ಕೈಯಲ್ಲಿ ಅವಳಿಗೆ ತಲೆ ಬಾಚಿದ, ಬಿಸಿನೀರು ಕಾಯಿಸಿದ, ಅನ್ನವನ್ನು ಒಮ್ಮೆ ಗಂಜಿ ಮಾಡಿ ಒಮ್ಮೆ ಕಲ್ಲು ಮಾಡಿ ಬಡಿಸಿದ. ಕೊನೆಗೆ ಅವಳು ವಾಕರ್ ಹಿಡಿದು ಅಡುಗೆಮನೆಯವರೆಗೆ ನಡೆಯುವಂತಾದಳು. ಅದರಾಚೆಗೆ ಆಗುವುದಿಲ್ಲ, ಗುಡ್ಡದ ಆಸೆ ಬಿಡಿ ಎಂದರು ಡಾಕ್ಟರು.

ಅಕ್ಕತಂಗಿಯರಿಗೆ ಫೋನಿತ್ತು, ದಿನಾ ಮಾತೂ ಇತ್ತು. ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಅಷ್ಟೇ. ಆದರೆ ಫೋನು ಇಟ್ಟ ಮೇಲೆ ಅವಳು ಕಿಟಕಿಯ ಮುಂದೆ ಸುಮ್ಮನೆ ಕೂತುಬಿಡುತ್ತಿದ್ದಳು. ಒಂದು ದಿನ ಅವನು ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ ಬಾಯಿಬಿಟ್ಟಳು.

"ಏನ್ರೀ, ನಾನು ಸಾಯೋ ಹಂಗೆ ಬಿದ್ದಿದ್ದೆ. ಅಕ್ಕ ಒಂದೇ ಒಂದು ಸಲ ಬರ್ಲಿಲ್ಲ ನೋಡಿ."

"ಅವಳಿಗೆ ಭಯ ಕಣೇ. ನಿಂಗೆ ಗೊತ್ತಿಲ್ವಾ?"

"ಗೊತ್ತು. ಆದ್ರೂ ನಾನು ಅವಳ ತಂಗಿ ಅಲ್ವಾ? ಯಾಕೆ ಬರ್ಲಿಲ್ಲ ಅಂತ ಕೇಳ್ಬೇಕು."

"ಫೋನಲ್ಲೇ ಕೇಳ್ಬಿಡು ಮತ್ತೆ."

"ಫೋನಲ್ಲಿ ಕೇಳೋ ಮಾತಾ ಇದು? ಮುಖ ನೋಡ್ಕೊಂಡು ಕೇಳ್ಬೇಕು. ಅವಳಿಗೂ ವಯಸ್ಸಾಯ್ತು, ನಂಗೂ ಆಯ್ತು. ಕೇಳ್ದೇನೇ ಹೋಗ್ಬಿಟ್ರೆ?"

ಹೆಂಡತಿ ಜೀವಮಾನದಲ್ಲಿ ಬಾಣಪ್ಪನ ಹತ್ತಿರ ಏನಾದರೂ ಕೇಳಿದ್ದೇ ಕಡಿಮೆ. ಅಕ್ಕನ ಮಗ, ಗುಡ್ಡದ ಮೇಲಿನ ಕಲ್ಲುಕ್ವಾರಿಯಲ್ಲಿ ದುಡಿಯುವ ಒಳ್ಳೆಯ ಹುಡುಗ, ನಾಲ್ಕು ಜನ ಸೇರಿ ಕುರ್ಚಿಯಲ್ಲಿ ಹೊತ್ತೊಯ್ಯುತ್ತೇವೆ ಚಿಕ್ಕಮ್ಮ ಎಂದಿದ್ದ. "ನಾನೇನು ಬೀರೂನಾ ಹೊತ್ಕೊಂಡು ಹೋಗೋಕೆ?" ಎಂದು ಅವಳು ಅವನನ್ನು ಗದರಿಸಿ ಕಳಿಸಿದ್ದಳು. ಬೈಕಿನಲ್ಲಿ ಕಾಲು ಆ ಕಡೆ ಈ ಕಡೆ ಹಾಕಿ ಕೂರಲು ಸೊಂಟ ಒಪ್ಪುವುದಿಲ್ಲ. ಜೀಪಿಗೆ ದಾರಿ ಸಾಲದು. ಬಾಣಪ್ಪ ಎಣ್ಣೆಕೈ ಒರೆಸಿಕೊಂಡು ಎದ್ದವನು ನೇರ ಅಂಗಡಿಯ ಹಿಂದಕ್ಕೆ ಹೋದ.

ಅಲ್ಲೊಂದು ಮೂರು ಗಾಲಿಯ ಗಾಡಿ ಬಿದ್ದಿತ್ತು. ಮುಂದೆ ಒಂದು ಗಾಲಿ, ಹಿಂದೆ ಎರಡು, ಹ್ಯಾಂಡಲ್ ಹಿಡಿದು ಓಡಿಸುವಂಥದ್ದು, ಕಾಡುಮೇಡು ಹತ್ತುವುದಕ್ಕೆಂದೇ ಮಾಡಿದ್ದು. ತೋಟದ ಸಾಹುಕಾರನೊಬ್ಬ ರಿಪೇರಿಗೆ ಬಿಟ್ಟವನು, ಇನ್ನು ನಂಗೆ ಬೇಡ, ನೀನೇ ಇಟ್ಟುಕೋ ಎಂದು ಕೈತೊಳೆದುಕೊಂಡಿದ್ದ. ಟೈರುಗಳು ಒಣಗಿ ಬಿರುಕು ಬಿಟ್ಟಿದ್ದವು, ಎಂಜಿನ್ನಿನಲ್ಲಿ ಇಲಿ ಸಂಸಾರ ಹೂಡಿತ್ತು. ಬಾಣಪ್ಪ ಇಲಿಯನ್ನು ಓಡಿಸಿ ಎಂಜಿನ್ ಬಿಚ್ಚಿದ. ವೆಲ್ಡಿಂಗ್‌ನವನಿಂದ ಹಿಂದೆ ಅಗಲವಾದ ಒಂದು ಸೀಟು ಮಾಡಿಸಿದ. ಆ ಸೀಟು ಗಾಡಿಯ ಹಿಂಭಾಗಕ್ಕೆ ಮುಖ ಮಾಡಿತ್ತು, ಯಾಕೆಂದರೆ ಅವಳು ಕಾಲೆತ್ತಿ ಹತ್ತಲಾರಳು. ಹಾಗಿದ್ದರೆ ಮಂಚದ ಮೇಲೆ ಕೂರುವಂತೆ ಹಿಂದೆ ನಿಂತು ಕೂತುಬಿಡಬಹುದು, ಆಮೇಲೆ ಅವನು ಅವಳ ಕಾಲು ಎತ್ತಿ ಸೀಟಿನ ಕೆಳಗಿನ ಹಲಗೆಯ ಮೇಲಿಟ್ಟರಾಯಿತು. ಅಂದರೆ ಗಂಡ ಹೆಂಡತಿ ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು. "ಇಷ್ಟು ವರ್ಷ ಸಂಸಾರ ಮಾಡಿ ಈಗ ಬೆನ್ನು ತಿರುಗಿಸ್ಕೊಂಡ್ರಾ?" ಎಂದು ವೆಲ್ಡಿಂಗ್‌ನವನು ಕಾಲೆಳೆದ.

ಇನ್ನು ಟೈರು. ಅಂಗಡಿಯಲ್ಲಿ ಈ ಅಳತೆಯದು ಇರಲಿಲ್ಲ. ಬಾಣಪ್ಪ ಬಸ್ಸು ಹತ್ತಿ ದೊಡ್ಡ ಗೋದಾಮಿಗೆ ಹೋದ. ಅಲ್ಲಿಯವನು ಮೊದಲು ಮೈಮೇಲೆ ಚೌಕ ಚೌಕ ಗುಬಟುಗಳು ಉಬ್ಬಿಕೊಂಡಿದ್ದ ಟೈರು ತೋರಿಸಿದ. ಅದಕ್ಕೆ ಬಾಣವೇ ಇಲ್ಲ, ಯಾವ ಕಡೆ ಬೇಕಾದರೂ ಹಾಕಬಹುದು. "ಹಿಂಗೂ ಸೈ ಹಂಗೂ ಸೈ ಅನ್ನೋದು ನಂಗೆ ಬೇಡಪ್ಪ" ಎಂದ ಬಾಣಪ್ಪ. ಅವನಿಗೆ ಬೇಕಾದದ್ದು ಬಾಣದ ಟೈರು, ಗುಬಟುಗಳು ನಡುವಿನಿಂದ ಎರಡೂ ಕಡೆಗೆ ಓರೆಯಾಗಿ ಇಳಿದಿರುವಂಥದ್ದು. ಗುಡ್ಡದ ದಾರಿ ಅಂಟುಮಣ್ಣು. ಓರೆ ಗುಬಟುಗಳಾದರೆ ಮಣ್ಣನ್ನು ಕಚ್ಚಿ, ಕಚ್ಚಿದ್ದನ್ನು ಪಕ್ಕಕ್ಕೆ ಉಗಿಯುತ್ತವೆ. ಅಂಥದ್ದರಲ್ಲೂ ಅವನು ಒಂದೊಂದರ ಪಕ್ಕೆಯನ್ನೂ ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದ. ಗಟ್ಟಿ ಪಕ್ಕೆಯದು ಹೆಚ್ಚು ಬಾಳುತ್ತೆ ಎಂದ ಗೋದಾಮಿನವನು. "ಬಾಳಿಕೆ ಯಾರಿಗೆ ಬೇಕು? ಒಳಗೆ ರಾಡು ಹಾಕಿದ ಸೊಂಟ ಕೂರ್ಬೇಕು ಇದರ ಮೇಲೆ. ಕಲ್ಲು ಸಿಕ್ಕಿದ್ರೆ ಟೈರು ಬಗ್ಗಬೇಕು, ಅವಳು ಅಲ್ಲಾಡಬಾರದು" ಎಂದು ಬಾಣಪ್ಪ ಮೆತ್ತನೆಯ ಮೂರನ್ನು ಆರಿಸಿಕೊಂಡ. ಬಸ್ಸಿನಲ್ಲಿ ಒಂದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದ.

ಹಾಕುವ ದಿನ ಹೆಂಡತಿ ಕುರ್ಚಿ ಎಳೆಸಿಕೊಂಡು ಅಂಗಡಿಯಲ್ಲೇ ಕೂತಳು. ಅವನು ರಿಮ್ಮಿನ ತುಕ್ಕನ್ನು ಬ್ರಷ್ಷಿನಿಂದ ತಿಕ್ಕಿ ತೆಗೆದ. ಟೈರಿನ ಅಂಚಿಗೆ ಸಾಬೂನು ನೀರು ಬಳಿದು, ಮೊಣಕಾಲಿನಿಂದ ಒಂದು ಕಡೆ ಅದುಮಿ ಹಿಡಿದು, ಲಿವರ್ ಹಾಕಿ ಸ್ವಲ್ಪ ಸ್ವಲ್ಪವಾಗಿ ಒಳಕ್ಕೆ ಇಳಿಸಿದ. ಮೆತ್ತನೆಯ ಟೈರು ಗಾಳಿ ಹಿಡಿಯದೆ ಫುಸ್ಸೆನ್ನುತ್ತಿತ್ತು. ಸುತ್ತ ಪಟ್ಟಿ ಬಿಗಿದು ಗಾಳಿ ಬಿಟ್ಟ ಮೇಲೆ ಅಂಚು ಟಪ್ಪೆಂದು ಕೂತಿತು, ಅವಳು ಬೆಚ್ಚಿಬಿದ್ದು ನಕ್ಕಳು. ಹಿಂದೆ ಎಡ ಗಾಲಿಗೆ ಒಂದು, ಬಲ ಗಾಲಿಗೆ ಒಂದು, ಮುಂದಿನದಕ್ಕೆ ಒಂದು. ಮೂರರ ಬಾಣವೂ ಮುಂದಕ್ಕೆ. "ನೋಡು, ಹೆಂಗಿದೆ?" ಎಂದು ಅವನು ಎದೆಯುಬ್ಬಿಸಿ ನಿಂತ. ಚೆನ್ನಾಗಿದೆ, ಮುಖಕ್ಕೆ ಮಸಿ ಹತ್ತಿದೆ ಎಂದಳು ಅವಳು.

ಅವಳನ್ನು ಕೂರಿಸುವ ಮೊದಲು ಅಷ್ಟೇ ಭಾರದ ಮರಳಿನ ಮೂಟೆ ಇಟ್ಟು ಹತ್ತಿಸಿ ನೋಡಬೇಕಿತ್ತು. ಎಷ್ಟು ತೂಕ ಇದ್ದೀ ಎಂದು ಕೇಳಿದ. ಅಯ್ಯೋ, ಹೆಂಗಸಿಗೆ ಕೇಳುವ ಪ್ರಶ್ನೆಯೇ ಅದು? ಅದೂ ವೆಲ್ಡಿಂಗ್‌ನವನು ಕಿವಿ ನಿಮಿರಿಸಿಕೊಂಡು ನಿಂತಿರುವಾಗ! "ಎರಡು ಮೂಟೆ ಹಾಕಿ, ಸಾಕು" ಎಂದು ಅವಳು ಮುಖ ಆ ಕಡೆ ತಿರುಗಿಸಿದಳು. ಎರಡು ಮೂಟೆ ಇಟ್ಟುಕೊಂಡು ಗಾಡಿ ಗುಡ್ಡ ಹತ್ತಿ ಇಳಿದು ಬಂತು. ಬಾಣಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮಾರನೆಯ ದಿನ ಅವಳು ಇದ್ದುದರಲ್ಲಿ ಹೊಸ ಬಟ್ಟೆ ಉಟ್ಟು, ತಲೆ ಬಾಚಿ, ಬೆಲ್ಟು ಕಟ್ಟಿಸಿಕೊಂಡು ಕೂತಳು. ಬಂಡೆಯ ಹತ್ತಿರದ ಕಡಿದಾದ ಏರಿನವರೆಗೂ ಎಲ್ಲ ಸರಿಯಿತ್ತು. ಅಲ್ಲಿ ಮುಂದಿನ ಗಾಲಿ ಮೆಲ್ಲಗೆ ನೆಲ ಬಿಟ್ಟು ಮೇಲೆದ್ದಿತು. ಹಿಂದೆ ಕೂತವಳಿಗೆ ಕೆಳಗಿನ ಇಡೀ ಇಳಿಜಾರು ಮುಖಕ್ಕೆ ಬಂದು ನಿಂತಂತಾಯಿತು, ಚೀರಿಕೊಂಡಳು. ಅವನು ಬ್ರೇಕು ಅದುಮಿ, ಮೈಯೆಲ್ಲ ಹ್ಯಾಂಡಲ್ ಮೇಲೆ ಹೇರಿ, ಇಂಚಿಂಚಾಗಿ ಗಾಡಿಯನ್ನು ಕೆಳಗೆ ಬಿಟ್ಟುಕೊಂಡು ಬಂದ. ಮನೆಗೆ ಬಂದು ಬೆಲ್ಟು ಬಿಚ್ಚಿ ಅವಳನ್ನು ಇಳಿಸಿದ. ಸಾಕು, ಇನ್ನು ನಾನು ಎಲ್ಲಿಗೂ ಬರಲ್ಲ ಎಂದು ಅವಳು ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು.

ಆ ದಿನ ಅಂಗಡಿ ತೆರೆಯಲಿಲ್ಲ. ಸಂಜೆ ಅವನು ಚಹಾ ಕೊಡುವಾಗ ಅವಳೇ ತಗ್ಗಿದ ದನಿಯಲ್ಲಿ, "ಮೂರು ಮೂಟೆ ಹಾಕ್ಬೇಕಿತ್ತು" ಎಂದಳು.

"ಏನಂದೆ?"

"ಮೂರು ಅಂದೆ. ಮಲಗಿ ಮಲಗಿ ದಪ್ಪ ಆಗಿದೀನಿ. ಆ ವೆಲ್ಡಿಂಗ್‌ನವನ ಮುಂದೆ ಹೇಳ್ಲಾ?"

ಬಾಣಪ್ಪನಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಅವಳಿಗೂ ಬಂತು. ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಅವಳು ಕಣ್ಣೊರೆಸಿಕೊಂಡು ಕೇಳಿದಳು, "ಅಲ್ಲಾ ರೀ, ಅಕ್ಕನ ಮನೆಗೆ ಹೋಗೋವಾಗ ನನ್ನ ಮುಖ ಅಕ್ಕನ ಮನೆ ಕಡೆ ಇರ್ಬೇಕೋ ಬೇಡ್ವೋ? ಗಾಡಿನ ಹಿಂದಕ್ಕೇ ಹತ್ತಿಸಿದ್ರೆ ಏನಂತೆ?"

ಹುಚ್ಚು ಮಾತು ಎಂದು ಬಾಯಿಗೆ ಬಂದದ್ದನ್ನು ಅವನು ನುಂಗಿಕೊಂಡ. ರಿವರ್ಸ್ ಗೇರಿನಲ್ಲಿ ಹತ್ತಿದರೆ ಭಾರವೆಲ್ಲ ಏರಿನ ಕಡೆಗೇ ಇರುತ್ತದೆ, ಗಾಡಿಯ ಮೂತಿ ಕೆಳಗಿರುತ್ತದೆ, ಎದ್ದೇಳುವ ಮಾತೇ ಇಲ್ಲ. ಬೆಳಿಗ್ಗೆ ಎದ್ದವನೇ ಮೂರು ಮೂಟೆ ಇಟ್ಟು ಹಿಂದಕ್ಕೆ ಹತ್ತಿಸಿ ನೋಡಿದ. ಮೂತಿ ಏಳಲಿಲ್ಲ, ನಿಜ. ಆದರೆ ಹಿಂದಿನ ಗಾಲಿಗಳು ಬಂಡೆಯ ಹತ್ತಿರ ನಿಂತಲ್ಲೇ ಗಿರ್ರೆಂದು ತಿರುಗಿದವು. ಇಳಿದು ನೋಡಿದರೆ ಗುಬಟುಗಳ ನಡುವೆ ಮಣ್ಣು ಗಿಜಿಗಿಜಿ ತುಂಬಿತ್ತು. ಹಿಂದಕ್ಕೆ ತಿರುಗುವ ಟೈರು ಮಣ್ಣನ್ನು ಪಕ್ಕಕ್ಕೆ ಉಗಿಯುವ ಬದಲು ನಡುವಿಗೆ ಬಾಚಿಕೊಂಡಿತ್ತು. ಮಾಡಬೇಕಾದದ್ದು ಏನೆಂದು ಬಾಣಪ್ಪನಿಗೆ ಆ ಕ್ಷಣವೇ ತಿಳಿಯಿತು. ತಿಳಿದದ್ದಕ್ಕೇ ಮೈ ಉರಿಯಿತು. ಬಾಣವನ್ನು ಉಲ್ಟಾ ಹಾಕಬೇಕು. ಅವನು! ತನ್ನ ಕೈಯಾರೆ!

ಮಧ್ಯಾಹ್ನದವರೆಗೂ ಅವನು ಗಾಡಿಯ ಸುತ್ತ ಸುತ್ತಿದ, ಸ್ಟೂಲಿನ ಮೇಲೆ ಕೂತ, ಎದ್ದ, ಯಾವುದೋ ಪಂಕ್ಚರಿಗೆ ಬಂದವನ ಮೇಲೆ ಸುಮ್ಮನೆ ರೇಗಿದ. ಹಾಗೆ ಸುತ್ತುತ್ತಿರುವಾಗಲೇ ಇನ್ನೊಂದು ವಿಷಯ ಹೊಳೆಯಿತು. ಹತ್ತುವಾಗ ಗಾಡಿಯ ಮೂತಿ ಕೆಳಕ್ಕೆ, ಇಳಿಯುವಾಗಲೂ ಕೆಳಕ್ಕೆ. ಹತ್ತುವಾಗ ಟೈರು ಯಾವ ಕಡೆಗೆ ಕಾಲೂರಬೇಕೋ, ಇಳಿಯುವಾಗ ತಡೆದು ಹಿಡಿಯುವುದೂ ಅದೇ ಕಡೆಗೆ. ಈ ಗಾಡಿಯ ಮಟ್ಟಿಗೆ ಉಲ್ಟಾ ಇರುವುದೇ ಸರಿ. ಕೆಲಸವೂ ದೊಡ್ಡದಲ್ಲ. ಹಿಂದಿನ ಎಡಗಾಲಿ ಬಲಕ್ಕೆ, ಬಲಗಾಲಿ ಎಡಕ್ಕೆ. ಮುಂದಿನದನ್ನು ಮಾತ್ರ ರಿಮ್ಮಿನಿಂದ ಬಿಚ್ಚಿ ಮಗುಚಿ ಹಾಕಬೇಕು.

ಅವನು ನಟ್ಟು ಬಿಗಿಯುತ್ತಿದ್ದಾಗ ವೆಲ್ಡಿಂಗ್‌ನವನು ಬಂದು ಬಗ್ಗಿ ನೋಡಿದ. ನೋಡಿದವನೇ ರಸ್ತೆಗೆಲ್ಲ ಕೇಳುವಂತೆ, "ಬಾಣ ನೋಡಯ್ಯಾ, ಬಾಣ! ಯಾವ ಪುಣ್ಯಾತ್ಮ ಹಾಕಿದ್ದು?" ಎಂದು ಕೂಗಿದ. ಎದುರಿನ ಅಂಗಡಿಯವರೆಲ್ಲ ಹೊರಗೆ ಬಂದು ನಿಂತರು. ಬಾಣಪ್ಪ ತಲೆ ಎತ್ತಲಿಲ್ಲ. "ನಾನೇ ಹಾಕಿದ್ದು. ನನ್ನ ಹೆಂಡ್ತಿ ಅವಳ ಅಕ್ಕನ ಮುಖ ನೋಡ್ಬೇಕಂತೆ. ಅದಕ್ಕೆ ಹಾಕಿದೀನಿ. ಏನೀಗ?" ಎಂದ. ವೆಲ್ಡಿಂಗ್‌ನವನ ನಗು ಅಲ್ಲಿಗೇ ನಿಂತಿತು. ಅವನು ಪಕ್ಕದಲ್ಲಿ ಕೂತು ಇನ್ನೊಂದು ಗಾಲಿಯ ನಟ್ಟು ಬಿಗಿದುಕೊಟ್ಟ.

ಮೂಟೆಗಳು ಹತ್ತಿ ಇಳಿದವು. ಮರುದಿನ ಅವಳು ಹತ್ತಿದಳು. ಹಿಂದಕ್ಕೆ ಹೋಗುವುದರಿಂದ ದಾರಿ ಕಾಣುವುದು ಅವಳಿಗೆ, ಹ್ಯಾಂಡಲ್ ಇರುವುದು ಅವನ ಕೈಯಲ್ಲಿ. ಎಡಕ್ಕೆ ಎಂದು ಅವಳು ಕೂಗಿದರೆ, "ನಿನ್ನ ಎಡಕ್ಕಾ, ನನ್ನ ಎಡಕ್ಕಾ?" ಎಂದು ಅವನು ಕೂಗುತ್ತಿದ್ದ. ಮೊದಲ ತಿರುವಿನಲ್ಲೇ ಚರಂಡಿಯ ಅಂಚಿಗೆ ಬಂದು ನಿಂತರು. "ಬಾಯಿ ಮುಚ್ಕೊಂಡು ಓಡಿಸಿ. ಯಾವ ಭುಜ ಒತ್ತುತೀನೋ ಆ ಕಡೆಗೆ ಹೋಗ್ಬೇಕು, ಅಷ್ಟೇ" ಎಂದಳು. ಆಮೇಲೆ ಮಾತೇ ಬೇಕಾಗಲಿಲ್ಲ. ಅವಳ ಭುಜ ಅವನ ಭುಜವನ್ನು ಮೆತ್ತಗೆ ಒತ್ತುವುದು, ಗಾಡಿ ಆ ಕಡೆ ಹೊರಳುವುದು. ಬಂಡೆಯ ಹತ್ತಿರದ ಏರಿನಲ್ಲಿ ಟೈರುಗಳು ಮಣ್ಣು ಕಚ್ಚಿದವು, ಪಕ್ಕಕ್ಕೆ ಉಗಿದವು, ಮತ್ತೆ ಕಚ್ಚಿದವು. ತಾನು ಕಣ್ಣು ಕಾಣದೆ ಹೋಗುತ್ತಿದ್ದೇನೆ ಎಂಬ ಭಯ ಬಾಣಪ್ಪನಿಗೆ ಒಂದು ಚೂರೂ ಆಗಲಿಲ್ಲ. ಅವಳ ಬೆನ್ನಿನ ಬಿಸಿ ತನ್ನ ಬೆನ್ನಿಗೆ ತಾಗುತ್ತಿರುವಾಗ ಎಲ್ಲಿಗೆ ಬೇಕಾದರೂ ಹೋಗಬಹುದು ಅನ್ನಿಸಿತು.

"ಅಕ್ಕ ಕಾಣಿಸ್ತಿದಾಳೆ ರೀ" ಎಂದು ಅವಳು ಕೂಗಿಕೊಂಡಳು.

ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಇಳಿಜಾರು ಕಣ್ಣಿಗೆ ಬೀಳದ ಹಾಗೆ ತಲೆ ತಗ್ಗಿಸಿಕೊಂಡೇ ಗೋಡೆ ಸವರಿಕೊಂಡು ಬಂದು, ತಂಗಿಯ ಸೊಂಟದ ಮೇಲೆ ಕೈಯಿಟ್ಟಳು. ಇಲ್ಲೇನೇ ಎಂದು ಕೇಳಿದಳು. ಹೂಂ ಎಂದಳು ತಂಗಿ. ಅಂಗಳದಲ್ಲೇ ಚಾಪೆ ಹಾಸಿತ್ತು, ಆದರೆ ಅವಳು ಸೀಟಿನಿಂದ ಇಳಿಯಲಿಲ್ಲ. ಇಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಕೂತಲ್ಲಿಂದಲೇ ಕೇಳಿಬಿಟ್ಟಳು.

"ಯಾಕಕ್ಕಾ ಬರ್ಲಿಲ್ಲ ನೀನು?"

ಅಕ್ಕ ತಿರುಗಿ ಒಳಗೆ ಹೋದಳು. ಬೇಜಾರು ಮಾಡಿಕೊಂಡಳೇನೋ ಎಂದು ಅವಳ ಮಗ ಹಿಂದೆಯೇ ಹೋಗುವಷ್ಟರಲ್ಲಿ, ಒಂದು ಬಟ್ಟೆಯ ಚೀಲ ಹಿಡಿದುಕೊಂಡು ಹೊರಗೆ ಬಂದಳು. ಚೀಲದ ಮೇಲೆ ಧೂಳು ಕೂತಿತ್ತು.

"ನೀನು ಬಿದ್ದ ಸುದ್ದಿ ಬಂದ ದಿನ ಕಟ್ಟಿದ್ದು ಇದು. ಎರಡು ಜೊತೆ ಬಟ್ಟೆ, ನಿನ್ನ ಕಾಲಿಗೆ ಎಣ್ಣೆ. ಮೊಳೆಗೆ ನೇತುಹಾಕಿದೀನಿ, ಬಿಚ್ಚಿಲ್ಲ. ಬೇಲಿ ತನಕ ಬರ್ತಿದ್ದೆ ಕಣೇ. ಕಾಲು ಮುಂದಕ್ಕೆ ಬರ್ತಿರ್ಲಿಲ್ಲ. ವಾಪಸ್ ಹೋಗಿ ಅಳ್ತಿದ್ದೆ. ಇದನ್ನ ಫೋನಲ್ಲಿ ಹೆಂಗೆ ಹೇಳ್ಲಿ?"

ತಂಗಿ ಚೀಲವನ್ನು ಕೈಯಲ್ಲಿ ಹಿಡಿದು ನೋಡಿದಳು, ಆಮೇಲೆ ಎದೆಗೆ ಒತ್ತಿಕೊಂಡು ಅತ್ತಳು. ಅಕ್ಕನೂ ಅತ್ತಳು. ಬಾಣಪ್ಪ ಗಾಡಿಯ ಈಚೆ ಬದಿಗೆ ಕೂತು, ಸುಮ್ಮಸುಮ್ಮನೆ ಟೈರಿನ ಮಣ್ಣು ಕೆರೆಯುತ್ತಿದ್ದ. ಅವನ ಕಣ್ಣೂ ತುಂಬಿತ್ತು.

ಎಷ್ಟೋ ಹೊತ್ತಿನ ಮೇಲೆ ಅಕ್ಕ ಮೂಗೊರೆಸಿಕೊಂಡು ಆ ಸೀಟನ್ನು ನೋಡಿದಳು. "ಅಲ್ಲಪ್ಪಾ, ಇಳಿಯೋವಾಗ ಇಲ್ಲಿ ಕೂತೋರಿಗೆ ಏನು ಕಾಣುತ್ತೆ?"

"ನಿನ್ನ ಮನೆ ಬಾಗಿಲೇ ಕಾಣೋದು ಅಕ್ಕಾ. ಕೆಳಗೆ ನೋಡೋ ಕೆಲಸ ನಂದು" ಎಂದ ಬಾಣಪ್ಪ.

ಅಕ್ಕ ಆ ಬಾಗಿಲನ್ನೂ, ತಂಗಿಯನ್ನೂ, ಮತ್ತೆ ಸೀಟನ್ನೂ ನೋಡಿದಳು. "ಸ್ವಲ್ಪ ಆ ಕಡೆ ಸರ್ಕೊಳ್ಳೇ, ನಾನೂ ಕೂರ್ತೀನಿ" ಎಂದಳು.

ಮಗನಿಗೆ ನಂಬಿಕೆಯೇ ಬರಲಿಲ್ಲ. ಬೇಡಮ್ಮ, ಯೋಚನೆ ಮಾಡು ಎಂದರೆ, "ಯೋಚನೆ ಮಾಡಿದ್ರೆ ಮತ್ತೆ ಬರಲ್ಲ ಕಣೋ, ಬೇಗ ಬೆಲ್ಟು ಕಟ್ಟು" ಎಂದು ಅವಳು ಅವನ ಮೇಲೇ ರೇಗಿದಳು. ಅಗಲದ ಸೀಟು ಇಬ್ಬರಿಗೆ ಇಕ್ಕಟ್ಟಾಯಿತು. ಬಾಣಪ್ಪ ಮೊದಲನೇ ಗೇರಿನಲ್ಲಿ, ಆಮೆಯ ಹಾಗೆ ಇಳಿಸಿದ. ಮಗ ಸೀಟಿನ ಕಂಬಿ ಹಿಡಿದುಕೊಂಡು ಪಕ್ಕದಲ್ಲೇ ನಡೆದ. ಟೈರುಗಳು ಒಂದು ಗೇಣೂ ಜಾರಲಿಲ್ಲ. ಆಮೇಲೆ ಅಕ್ಕ, ಬಾಗಿಲು ಹಾಕಿದ್ದೀನಾ ಎಂದು ಕೇಳಿದಳು. ಹಾಕಿದೆ, ಕಾಣ್ತಾ ಇದೆಯಲ್ಲ ಎಂದಳು ತಂಗಿ. ಅಲ್ಲಿಂದ ಮಾತು ಶುರುವಾದದ್ದು ನಿಲ್ಲಲೇ ಇಲ್ಲ, ಬಂಡೆ ಯಾವಾಗ ದಾಟಿತೆಂದು ಇಬ್ಬರಿಗೂ ಗೊತ್ತಾಗಲಿಲ್ಲ.

ಗಾಡಿ ನಿಂತಿತು. "ಯಾಕೆ ನಿಲ್ಲಿಸ್ದೆ?" ಎಂದು ಅಕ್ಕ ಗಾಬರಿಯಾದಳು.

"ಬಂದ್ವಿ ಅಕ್ಕಾ."

ಅಕ್ಕ ಕುತ್ತಿಗೆ ತಿರುಗಿಸಿ ನೋಡಿದಳು. ತಗಡಿನ ಮಾಡು, ಟೈರುಗಳ ರಾಶಿ, ಬಾಯಿಬಿಟ್ಟುಕೊಂಡು ನಿಂತ ವೆಲ್ಡಿಂಗ್‌ನವನು. ಮತ್ತೆ ತಿರುಗಿ ಗುಡ್ಡವನ್ನು ನೋಡಿದಳು. ಕೆಳಗಿನಿಂದ ಅದನ್ನು ನೋಡಿ ಅವಳಿಗೆ ಎಷ್ಟೋ ವರ್ಷವಾಗಿತ್ತು.

"ಇಷ್ಟೇನಾ?" ಎಂದಳು. "ಇಷ್ಟೇ ದೂರಾನಾ? ಇಷ್ಟಕ್ಕೆ ನಾನು ನಿನ್ನನ್ನ ಅಷ್ಟು ದಿನ ಒಬ್ಬಳೇ ಮಲಗೋಕೆ ಬಿಟ್ನೇನೇ?"

"ಒಬ್ಬಳೇ ಎಲ್ಲಿದ್ದೆ ಅಕ್ಕಾ, ಇವ್ರಿದ್ರಲ್ಲ" ಎಂದಳು ತಂಗಿ. "ಈಗ ಬಂದ್ಯಲ್ಲ. ಇಳಿ, ಒಳಗೆ ಹೋಗೋಣ."

ಬಾಣಪ್ಪ ಸುತ್ತಿ ಹಿಂದಕ್ಕೆ ಬಂದ. ಮೊದಲು ಯಾರನ್ನು ಇಳಿಸಬೇಕೆಂದು ತಿಳಿಯದೆ ಎರಡೂ ಕೈ ಚಾಚಿ ನಿಂತುಕೊಂಡ.